ಕವಡೆ ಕುಲುಕಲು ಒಂದು ನಿಮಿಷ ಕೊಡಿ

ಕೊಂಡಾಪುರದ ನಮ್ಮ ಆಫೀಸಿನಲ್ಲಿ ಈಚೆಗೆ ಒಂದು ಸಣ್ಣ ಜಟಾಪಟಿ ನಡೆಯಿತು. ನಾವು ತಯಾರಿಸುವ ಪುಟ್ಟ ರೂಟರ್ ಮೊದಲ ಸಲ ಆನ್ ಮಾಡಿದಾಗ ಸುಮಾರು ಒಂದು ನಿಮಿಷ ಸುಮ್ಮನೆ ಕೂರುತ್ತಿತ್ತು. ‘ಗ್ರಾಹಕರು ಕಾಯುವುದಿಲ್ಲ, ಅದನ್ನು ತೆಗೆದುಬಿಡಿ’ ಎಂದರು ಮ್ಯಾನೇಜರ್. ತೆಗೆಯಬಾರದು ಎಂಬುದು ನನ್ನ ವಾದ.

ಮಂಡ್ಯದ ನಮ್ಮ ಜಗುಲಿಯಲ್ಲಿ ಚೌಕಾಬಾರ ಆಡುವಾಗ ಕವಡೆಯನ್ನು ಚೆನ್ನಾಗಿ ಕುಲುಕದೆ ಹಾಕಿದರೆ ಅಜ್ಜಿ ಒಪ್ಪುತ್ತಿರಲಿಲ್ಲ. ಕಂಪ್ಯೂಟರಿನ ರಹಸ್ಯ ಕೀಲಿಗೂ ಯಾರೂ ಊಹಿಸಲಾಗದ ಸಂಖ್ಯೆ ಬೇಕು. 1994ರಿಂದಲೂ ಲಿನಕ್ಸ್ ಕರ್ನೆಲ್ ಈ ಕುಲುಕಾಟವನ್ನು ಕೀಲಿಮಣೆ, ಮೌಸ್, ಡಿಸ್ಕ್‌ಗಳ ಏರುಪೇರಾದ ಸಮಯಗಳಿಂದ ಕೂಡಿಹಾಕುತ್ತಿದೆ. ರೂಟರಿಗೆ ಇವು ಯಾವುವೂ ಇಲ್ಲ. ಒಂದೇ ಅಚ್ಚಿನ ಸಾವಿರ ಪೆಟ್ಟಿಗೆಗಳು ಒಂದೇ ಸ್ಥಿತಿಯಲ್ಲಿ ಕಣ್ಣು ಬಿಡುತ್ತವೆ.

ಅವಸರ ಮಾಡಿದರೆ ಏನಾಗುತ್ತದೆ ಎಂಬುದು 2012ರಲ್ಲೇ ಗೊತ್ತಾಗಿದೆ. ನಾಡಿಯಾ ಹೆನಿಂಗರ್ ಮತ್ತು ಸಂಗಡಿಗರು ಇಂಟರ್‌ನೆಟ್ಟಿನ ಸಾರ್ವಜನಿಕ ಕೀಲಿಗಳನ್ನು ಒಟ್ಟುಮಾಡಿ ನೋಡಿದರು. ಎರಡು ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿದರೆ ಒಂದು ಆರ್‌ಎಸ್‌ಎ ಕೀಲಿ. ಎರಡು ಯಂತ್ರಗಳು ಅವುಗಳಲ್ಲಿ ಒಂದನ್ನು ಸಮನಾಗಿ ಆರಿಸಿಕೊಂಡಿದ್ದರೆ, ಹೈಸ್ಕೂಲಿನಲ್ಲಿ ಕಲಿತ ಮ.ಸಾ.ಅ. ಲೆಕ್ಕವೇ ಎರಡೂ ಬೀಗ ತೆರೆಯುತ್ತದೆ. ಹೀಗೆ ಟಿಎಲ್‌ಎಸ್ ಬಳಸುವ ಯಂತ್ರಗಳಲ್ಲಿ ಶೇ 0.5ರಷ್ಟರ ಗುಟ್ಟು ಅವರ ಕೈಗೆ ಸಿಕ್ಕಿತು. ಅವುಗಳಲ್ಲಿ ಬಹುಪಾಲು ರೂಟರ್‌ನಂಥ ಸಣ್ಣ ಸಾಧನಗಳೇ.

‘ಈಗ ಕರ್ನೆಲ್ ಸುಧಾರಿಸಿದೆಯಲ್ಲ?’ ಎಂದು ಕೇಳಬಹುದು. ನಿಜ. 2019ರ 5.4ನೇ ಆವೃತ್ತಿಯಿಂದ ಅದು ಪ್ರೊಸೆಸರ್ ವೇಗದಲ್ಲಿನ ಸಣ್ಣ ಏರಿಳಿತದಿಂದಲೂ ಕವಡೆ ಕುಲುಕಬಲ್ಲದು. ಆದರೆ ಅದಕ್ಕೆ ಚಿಪ್‌ನಲ್ಲಿ ಸೂಕ್ಷ್ಮವಾದ ಗಡಿಯಾರ ಇರಬೇಕು. ನಾಲ್ಕು ಕಾಸು ಉಳಿಸಲು ಆರಿಸಿದ ಅಗ್ಗದ ಚಿಪ್‌ಗಳಲ್ಲಿ ಕೆಲವೊಮ್ಮೆ ಅದೂ ಇರುವುದಿಲ್ಲ.

ಹಾಗಾದರೆ ಗ್ರಾಹಕರನ್ನು ಕಾಯಿಸಲೇಬೇಕೆ? ಬೇಕಿಲ್ಲ. ಕಾರ್ಖಾನೆಯಲ್ಲೇ ಪ್ರತಿ ಪೆಟ್ಟಿಗೆಗೂ ಬೇರೆ ಬೇರೆ ರಹಸ್ಯ ಬೀಜಸಂಖ್ಯೆ ಬರೆದಿಟ್ಟರೆ, ಪ್ರತಿ ಸಲ ಆನ್ ಆದಾಗಲೂ ಅದನ್ನು ಹೊಸದರಿಂದ ಬದಲಿಸಿದರೆ ಸಾಕು. ಒಂದೇ ಬೀಜವನ್ನು ಎಲ್ಲದಕ್ಕೂ ನಕಲು ಮಾಡಿದರೆ ಮಾತ್ರ ಏನೂ ಮಾಡದಂತೆಯೇ. ಇದಕ್ಕೆ ತಯಾರಿಕೆಯಲ್ಲಿ ಪ್ರತಿ ಪೆಟ್ಟಿಗೆಗೆ ಕೆಲವು ಸೆಕೆಂಡು ಹೆಚ್ಚು ಹಿಡಿಯುತ್ತದೆ. ಆ ಖರ್ಚನ್ನು ನಾವೇ ಹೊರಬೇಕು. ಮನೆಗೆ ಕ್ಯಾಮೆರಾ ಹಾಕಿಸಿಕೊಂಡ ಮಂಡ್ಯದ ನಮ್ಮತ್ತೆಗೆ ಕರ್ನೆಲ್ ಎಂದರೇನೆಂದು ಗೊತ್ತಿರಬೇಕಿಲ್ಲ. ನಮಗೆ ಗೊತ್ತಿದೆ. ಗೊತ್ತಿದ್ದೂ ಒಂದು ನಿಮಿಷ ಉಳಿಸಲು ಅವರ ಮನೆ ಬೀಗ ಸಡಿಲ ಮಾಡುವುದು ಎಂಜಿನಿಯರಿಂಗ್ ಅಲ್ಲ.

ನಮ್ಮ ಆಫೀಸಿನಲ್ಲಿ ತೀರ್ಮಾನ ಇನ್ನೂ ಆಗಿಲ್ಲ. ಅಲ್ಲಿಯವರೆಗೆ ಪೆಟ್ಟಿಗೆ ಕಾಯಲಿ.