ದನ ಬಿಡಿಸಲಿಕ್ಕೆ ಬಾರದ ಹುಡುಗಿ

ಎಲ್ಲೂರಿನ ಒಂದು ಮನೆ. ಅಲ್ಲಿನ ಚಾವಡಿಯ ಕೆಂಪು ನೆಲ ಖಾಲಿಯಾಗಿ ಕಂಡದ್ದೇ ಅಪರೂಪ. ಏಳು ವರ್ಷದ ಮಗಳು ಶಾಲೆಯಿಂದ ಬಂದು ಚೀಲ ಮೂಲೆಗೆಸೆದು ಚಾಕ್‌ಪೀಸು ಹಿಡಿದು ಕುಳಿತಳೆಂದರೆ ಊಟಕ್ಕೆ ಎಬ್ಬಿಸುವುದೇ ಕಷ್ಟ. ತೆಂಗಿನ ಮರಗಳು, ಅವುಗಳ ಹಿಂದೆ ಉಷ್ಣವಿದ್ಯುತ್ ಸ್ಥಾವರದ ಚಿಮಣಿ, ಕಿರೀಟ ತೊಟ್ಟ ಯಕ್ಷಗಾನದ ವೇಷ, ಎಲ್ಲಕ್ಕಿಂತ ಹೆಚ್ಚಾಗಿ ಒಂದು ಕೊಂಬು ಮುರಿದ ಹಟ್ಟಿಯ ದನ. ಕಾಲುಗಳು ಎಲ್ಲೆಲ್ಲಿಗೋ ಹೋಗುತ್ತಿದ್ದವು, ನಿಜ. ಆದರೆ ತಲೆ ತಗ್ಗಿಸಿ ಬೈಹುಲ್ಲು ಎಳೆಯುವ ಆ ಭಂಗಿ ಅದೇ ದನದ್ದು. ನೋಡಿದವರೆಲ್ಲ ಹೊಗಳಿದರು. ಅಪ್ಪ ಹಿಗ್ಗಿ, ತಮ್ಮ ಮೊಬೈಲಿಗೆ ಮಕ್ಕಳ ಚಿತ್ರಕಲೆಯ ಆ್ಯಪ್ ಒಂದನ್ನು ಇಳಿಸಿ ಅವಳ ಕೈಗೆ ಕೊಟ್ಟರು.

ಅದರಲ್ಲಿ ದನದ ಚಿತ್ರ ಮೊದಲೇ ಸಿದ್ಧವಾಗಿತ್ತು. ಬೆರಳಿಟ್ಟರೆ ಸಾಕು, ಗೆರೆ ದಾಟದೆ ಬಣ್ಣ ತುಂಬಿಕೊಳ್ಳುತ್ತದೆ. ನಡುನಡುವೆ ಜಾಹೀರಾತು. ಮೂರು ವಾರ ಕಳೆದ ಮೇಲೆ ಒಂದು ಸಂಜೆ ಅಜ್ಜಿ, "ನಮ್ಮ ಗೌರಿಯನ್ನು ಬಿಡಿಸು ಮಗಾ, ನೋಡುವ" ಎಂದರು. ಹುಡುಗಿ ತಲೆ ಎತ್ತಲಿಲ್ಲ. "ನನಗೆ ದನ ಬಿಡಿಸಲಿಕ್ಕೆ ಬರುವುದಿಲ್ಲ ಅಜ್ಜಿ."

ಏಳೆಂಟು ವರ್ಷ ಬಹಳ ನಾಜೂಕಿನ ವಯಸ್ಸು. ತಾನು ಬರೆದದ್ದು ನಿಜದಂತಿದೆಯೇ ಎಂಬ ಅನುಮಾನ ಮಕ್ಕಳಿಗೆ ಹುಟ್ಟತೊಡಗುವುದು ಆಗಲೇ. ಅದೇ ಹೊತ್ತಿಗೆ ಎರಡೂ ಕೊಂಬು ಸಮನಾಗಿರುವ, ನುಣ್ಣಗಿನ ಗೆರೆಯ ದನವನ್ನು ದಿನಕ್ಕೆ ಹತ್ತು ಸಲ ಕಣ್ಣೆದುರು ಹಿಡಿದರೆ ಮಗು ಏನು ತೀರ್ಮಾನಿಸೀತು? ಹಾಗಾಗಿ ತಂತ್ರಾಂಶ ಆರಿಸುವ ತಂದೆತಾಯಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಇದರಲ್ಲಿ ಗೆರೆ ಎಳೆಯುವವರು ಯಾರು, ಮಗುವೋ ಯಂತ್ರವೋ?

ಈ ಪ್ರಶ್ನೆ ಹಳೆಯದೇ. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಕಲಾ ಅಧ್ಯಾಪಕ ಕ್ರೇಗ್ ಹಿಕ್‌ಮನ್ ತಮ್ಮ ಮೂರು ವರ್ಷದ ಮಗ ಮ್ಯಾಕ್‌ಪೇಂಟಿನಲ್ಲಿ ಚಿತ್ರ ಗೀಚುವುದನ್ನು ನೋಡುತ್ತಿದ್ದರು. ಮಗುವಿಗೆ ಮೌಸು ಕಷ್ಟವಾಗಲಿಲ್ಲ. ಕೈತಪ್ಪಿ ತೆರೆದುಕೊಳ್ಳುವ ಪಟ್ಟಿಗಳು, ಉತ್ತರ ಕೊಡದೆ ಮುಂದೆ ಬಿಡದ ಇಂಗ್ಲಿಷ್ ಪ್ರಶ್ನೆಗಳು ಅವನನ್ನು ಕಂಗೆಡಿಸುತ್ತಿದ್ದವು. ಅವನ್ನೆಲ್ಲ ಕಿತ್ತುಹಾಕಿ ಹಿಕ್‌ಮನ್ 1989ರಲ್ಲಿ ಹೊರತಂದದ್ದು ಕಿಡ್ ಪಿಕ್ಸ್. ಅದರ ದಾರಿಯಲ್ಲೇ 2002ರಲ್ಲಿ ಬಿಲ್ ಕೆಂಡ್ರಿಕ್ ಎಂಬವರು ಆರಂಭಿಸಿದ ಟಕ್ಸ್ ಪೇಂಟ್ ಬಂತು. ಚಿಕ್ಕ ಮಕ್ಕಳಿಗೆ ಇವತ್ತಿಗೂ ಧೈರ್ಯವಾಗಿ ಕೊಡಬಹುದಾದದ್ದು ಇದು. ದುಡ್ಡಿಲ್ಲ, ಜಾಹೀರಾತಿಲ್ಲ, ಒಮ್ಮೆ ಹಾಕಿಕೊಂಡ ಮೇಲೆ ಇಂಟರ್ನೆಟ್ ಬೇಡ, ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ಗುಂಡಿಗಳ ಹೆಸರನ್ನು ಕನ್ನಡದಲ್ಲೂ ಇಟ್ಟುಕೊಳ್ಳಬಹುದು. ಚಿತ್ರ ಉಳಿಸಲು ಕಡತಕ್ಕೆ ಹೆಸರು ಕೊಡುವ ರಗಳೆಯಿಲ್ಲ. ಹಳೆಯ ಚಿತ್ರಗಳು ಪುಟ್ಟ ಪುಟ್ಟದಾಗಿ ಸಾಲಾಗಿ ಕಾಣುತ್ತವೆ, ಬೇಕಾದ್ದನ್ನು ಒತ್ತಿದರಾಯಿತು.

ಮುಂಬಯಿಯ ಸೋದರಮಾವ ತಮ್ಮ ಹಳೆಯ ಲ್ಯಾಪ್‌ಟಾಪನ್ನು ಸೊಸೆಗೆಂದು ಕಳಿಸಿ, "ಕಲಿಸುವುದಿದ್ದರೆ ಫೋಟೊಶಾಪೇ ಕಲಿಸಿ" ಎಂದು ಫೋನಿನಲ್ಲಿ ಹೇಳಿದ್ದರು. ಮಾವಂದಿರ ಪ್ರೀತಿ ಯಾವಾಗಲೂ ಎರಡು ಅಳತೆ ದೊಡ್ಡ ಅಂಗಿಯಂತೆ. ಫೋಟೊಶಾಪ್ 1990ರಲ್ಲಿ ಬಂದದ್ದು ಫೋಟೊ ತಿದ್ದುವವರಿಗಾಗಿ. ಈಗ ಬಾಡಿಗೆಯಂತೆ ಹಣ ಕಟ್ಟುತ್ತಲೇ ಇರಬೇಕು. ಖರ್ಚಿಲ್ಲದ ತಂತ್ರಾಂಶವೆಂದರೆ ಕಳಪೆಯೆಂದು ತಿಳಿಯಬೇಕಾಗಿಯೂ ಇಲ್ಲ. 2001ರಲ್ಲಿ ಕೇರಳದಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಯೋಜನೆ ಮುಕ್ತ ತಂತ್ರಾಂಶವನ್ನೇ ನೆಚ್ಚಿ ಬೆಳೆಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಹೈಸ್ಕೂಲು ಮಕ್ಕಳು ಜಿಂಪ್, ಇಂಕ್‌ಸ್ಕೇಪ್‌ಗಳನ್ನು ಕನ್ನಡದ ಪಠ್ಯಪುಸ್ತಕ ಓದಿಯೇ ಕಲಿತಿದ್ದಾರೆ.

ಹತ್ತು ಹನ್ನೊಂದು ದಾಟಿದ ಮೇಲೆ, ಆಸೆ ಉಳಿದಿದ್ದರೆ, ಕ್ರಿತಾ ಇದೆ. ಸ್ವೀಡಿಷ್ ಭಾಷೆಯಲ್ಲಿ ಆ ಹೆಸರಿನ ಅರ್ಥ ಸೀಮೆಸುಣ್ಣ! ಅದೂ ಉಚಿತ. ಗಾಜಿನ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಒಂದರಲ್ಲಿ ಗೆರೆ, ಇನ್ನೊಂದರಲ್ಲಿ ಬಣ್ಣ ಬರೆದಂತೆ ಅದರಲ್ಲಿ ಪದರಗಳಲ್ಲಿ ಕೆಲಸ ಮಾಡಬಹುದು. ಅದರ ಸೊಗಸು ತಿಳಿಯಬೇಕಾದರೆ ಮಾತ್ರ ಪೆನ್ನು ಬೇಕು. ಮೊಬೈಲ್ ಅಂಗಡಿಯ ರಬ್ಬರ್ ತುದಿಯ ಕಡ್ಡಿ ಬೆರಳಿಗೆ ಬದಲಿ ಅಷ್ಟೆ. ಒತ್ತಿದರೂ ತೇಲಿಸಿದರೂ ಒಂದೇ ಗೆರೆ. ಪೆನ್ ಟ್ಯಾಬ್ಲೆಟ್‌ನ ವಿದ್ಯೆ ಬೇರೆ. ವಾಕಾಮ್ ಮಾದರಿಯ ಪೆನ್ನಿನಲ್ಲಿ ಬ್ಯಾಟರಿಯೇ ಇಲ್ಲ. ಹಲಗೆಯೊಳಗಿನ ತಂತಿಜಾಲ ಹೊರಡಿಸುವ ವಿದ್ಯುತ್ಕಾಂತೀಯ ಸಂಕೇತಕ್ಕೆ ಪೆನ್ನಿನ ಸುರುಳಿ ಅನುರಣಿಸಿ ಉತ್ತರ ಕೊಡುತ್ತದೆ. ತುದಿಯ ಮೇಲಿನ ಒತ್ತಡ ಬದಲಾದರೆ ಉತ್ತರವೂ ಬದಲು, ಗೆರೆಯೂ ದಪ್ಪ ಅಥವಾ ಸಣ್ಣ. ಕೈಯ ಭಾರ ಗೆರೆಗೆ ಇಳಿಯುವುದೆಂದರೆ ಇದೇ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರ ನೃತ್ಯದ ರೇಖಾಚಿತ್ರಗಳನ್ನು ಕಂಡವರಿಗೆ ಗೆರೆ ಎಷ್ಟು ಮಾತಾಡಬಲ್ಲದೆಂದು ವಿವರಿಸಬೇಕಿಲ್ಲ.

ಎಲ್ಲೂರಿನ ಆ ಮನೆಯಲ್ಲಿ ಪೆನ್ನಿಗೆ ಇನ್ನೂ ಕಾಲ ಬಂದಿಲ್ಲ. ಮೊಬೈಲಿನ ಆ್ಯಪ್ ಹೋಯಿತು, ಲ್ಯಾಪ್‌ಟಾಪಿಗೆ ಟಕ್ಸ್ ಪೇಂಟ್ ಬಂತು. ಅದರಲ್ಲೂ ಹಕ್ಕಿ, ಹೂ, ಪ್ರಾಣಿಗಳ ಸಿದ್ಧ ಮುದ್ರೆಗಳು ಬರುತ್ತವೆ, ಒತ್ತಿದರೆ ಅಂಟಿಕೊಳ್ಳುತ್ತವೆ. ಅವನ್ನು ಮರೆಮಾಡಲು ದೊಡ್ಡವರಿಗೆಂದೇ ಬೇರೆಯಾಗಿ ಒಂದು ಸಜ್ಜಿಕೆಯ ಪುಟವಿದೆ. ಅಪ್ಪ ಅದನ್ನು ಹುಡುಕಿ ಮುದ್ರೆಗಳನ್ನು ನಿಲ್ಲಿಸಿಬಿಟ್ಟರು. ಸಂಜೆ ಅರ್ಧ ಗಂಟೆ ಎಂದು ಹೊತ್ತೂ ಗೊತ್ತುಮಾಡಿದರು. ಅಮ್ಮ ಹೊಸ ಚಾಕ್‌ಪೀಸಿನ ಡಬ್ಬಿ ತಂದು ಚಾವಡಿಯ ಕಿಟಕಿಯಲ್ಲಿಟ್ಟರು, ಏನೂ ಹೇಳಲಿಲ್ಲ.

ಮೊದಲ ಎರಡು ದಿನ ಬರೀ ಬಣ್ಣ ಎರಚಾಟ. ಮೂರನೆಯ ದಿನ ಪರದೆಯ ಮೇಲೆ ಒಂದು ದನ ಎದ್ದು ನಿಂತಿತು. ನಾಲ್ಕು ಕಾಲೂ ಒಂದೇ ಕಡೆ, ಬಾಲ ಅಂಚಿನಿಂದಾಚೆಗೆ ಹೋಗಿ ಮಾಯ. ಅಜ್ಜಿ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿ, "ಮುರಿದ ಕೊಂಬು ಎಡದ್ದು ಮಗಾ, ಬಲದ್ದಲ್ಲ" ಎಂದರು. ಹುಡುಗಿ ನೋಡಿ ಬರಲು ಹಟ್ಟಿಗೆ ಓಡಿದಳು.