ಬಣ್ಣಕ್ಕೆ ಮುರಿದ ಬಾಡಿಗೆಯಲ್ಲಿ ವೈರಿಂಗ್‌ಗೂ ಪಾಲು ಬೇಕು

ಬೆಂಗಳೂರಾಗಲಿ ಮೈಸೂರಾಗಲಿ, ಬಾಡಿಗೆ ಮನೆ ಖಾಲಿ ಮಾಡಿದವರಿಗೆ ಈ ಲೆಕ್ಕ ಗೊತ್ತು. ಅಡ್ವಾನ್ಸ್ ವಾಪಸ್ ಕೊಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ಕರಾರುಪತ್ರದಲ್ಲೇ ಅದು ಟೈಪಾಗಿರುತ್ತದೆ. ಗೋಡೆಗೆ ಬಣ್ಣ ಬೀಳುತ್ತದೆ, ನಲ್ಲಿಯ ವಾಷರ್ ಬದಲಾಗುತ್ತದೆ, ಹೊಸಬರು ಬಂದು ಹಾಲುಕ್ಕಿಸುತ್ತಾರೆ. ಸ್ವಿಚ್‌ಬೋರ್ಡನ್ನು ಮಾತ್ರ ಯಾರೂ ಬಿಚ್ಚುವುದಿಲ್ಲ. ಸ್ಕ್ರೂ ತಲೆ ಕಾಣದಂತೆ ಬೋರ್ಡಿಗೂ ಬಣ್ಣ ಬಳಿದ ಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ.

ನಾನು ಮೈಸೂರಿನಲ್ಲಿ ಲೈಸೆನ್ಸ್ ಇರುವ ವಿದ್ಯುತ್ ಗುತ್ತಿಗೆದಾರ. ಜನ ನನ್ನನ್ನು ಕರೆಯುವುದು ಏನಾದರೂ ಸುಟ್ಟ ಮೇಲೆ. ಹೋಗಿ ಕೇಳಿದರೆ, ‘ಗೀಸರ್ ನಲ್ಲಿ ಮುಟ್ಟಿದ್ರೆ ಮೊದಲಿಂದ್ಲೂ ಸ್ವಲ್ಪ ಜುಮ್ಮನ್ನೋದು ಸಾರ್, ಚಪ್ಪಲಿ ಹಾಕ್ಕೊಂಡೇ ಸ್ನಾನ ಮಾಡ್ತಿದ್ವಿ’ ಎನ್ನುತ್ತಾರೆ. ಜುಮ್ಮನ್ನುವ ಮನೆಯಲ್ಲಿ ಹೊಂದಿಕೊಂಡು ಬಾಳುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ.

ಅರ್ಥಿಂಗ್ ವಿಷಯವನ್ನೇ ತೆಗೆದುಕೊಳ್ಳಿ. ಲಕ್ಷ್ಮೀಪುರಂ, ಚಾಮರಾಜಪುರಂ ಕಡೆಯ ಹಳೆಯ ಮನೆಗಳಲ್ಲಿ ಮರದ ಪಟ್ಟಿಯ ಮೇಲೆ ಓಡಿದ ವೈರಿಂಗ್ ಇನ್ನೂ ಅಲ್ಲಲ್ಲಿ ಸಿಗುತ್ತದೆ. ಅದರಿಂದಲೇ ಲೈನ್ ಎಳೆದು ಮಹಡಿ ಮೇಲಿನ ಬಾಡಿಗೆ ಮನೆಗೆ ಕೊಟ್ಟಿರುತ್ತಾರೆ. ತ್ರೀ ಪಿನ್ ಸಾಕೆಟ್ ಹೊಚ್ಚಹೊಸದು, ಆದರೆ ಮೇಲಿನ ದೊಡ್ಡ ತೂತಿಗೆ ಅರ್ಥ್ ವೈರೇ ಬಂದಿರುವುದಿಲ್ಲ. ಕೆಲವು ಕಡೆ ಇನ್ನೂ ಕೆಟ್ಟ ಕೆಲಸ ನಡೆದಿರುತ್ತದೆ: ಅರ್ಥ್ ಇಲ್ಲವಲ್ಲ ಎಂದು ನ್ಯೂಟ್ರಲ್‌ನಿಂದ ಒಂದು ತುಂಡು ವೈರ್ ತಂದು ಆ ಪಿನ್ನಿಗೆ ಸಿಕ್ಕಿಸಿಬಿಡುತ್ತಾರೆ. ಟೆಸ್ಟ್ ಲ್ಯಾಂಪ್ ಹಿಡಿದರೆ ಚೆನ್ನಾಗಿಯೇ ಉರಿಯುತ್ತದೆ, ಮನೆಯವರಿಗೂ ಸಮಾಧಾನ. ಗಾಳಿಮಳೆಗೆ ಕಂಬದಿಂದ ಬರುವ ನ್ಯೂಟ್ರಲ್ ಒಂದು ದಿನ ಕಿತ್ತುಹೋಯಿತೆನ್ನಿ, ಉರಿಯುತ್ತಿರುವ ಯಾವುದೋ ಬಲ್ಬಿನ ಮೂಲಕ ಫೇಸ್ ಹಾಯ್ದು ಫ್ರಿಜ್ಜು, ವಾಷಿಂಗ್ ಮೆಷೀನಿನ ಮೈಗೆಲ್ಲ 230 ವೋಲ್ಟ್ ಏರುತ್ತದೆ. ಇದನ್ನು ಹೊರಗಿನಿಂದ ನೋಡಿ ಹೇಳಲಾಗದು. ಬಿಚ್ಚಬೇಕು.

‘ಎಂಸಿಬಿ ಹಾಕ್ಸಿದೀವಲ್ಲ’ ಎಂಬುದು ನಾನು ದಿನವೂ ಕೇಳುವ ಉತ್ತರ. 16 ಆಂಪಿಯರ್‌ನ ಎಂಸಿಬಿ ಕಾಯುವುದು ವೈರನ್ನು. 16 ಆಂಪಿಯರ್ ಎಂದರೆ 16,000 ಮಿಲಿ ಆಂಪಿಯರ್. ಅದರ ಸಣ್ಣದೊಂದು ಪಾಲು ಎದೆಯ ಮೂಲಕ ಹಾಯ್ದರೂ ಮನುಷ್ಯ ಸಾಯಬಹುದು, ಎಂಸಿಬಿಗೆ ಅದರ ಸುದ್ದಿಯೂ ಇರುವುದಿಲ್ಲ. ಜೀವ ಕಾಯಲು ಇರುವುದು ಆರ್‌ಸಿಸಿಬಿ. ಫೇಸ್‌ನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಪೂರ್ತಿ ವಾಪಸ್ ಬಂತೇ ಎಂದು ಅದು ಸದಾ ತಾಳೆ ನೋಡುತ್ತಿರುತ್ತದೆ. ಮನೆಗೆ ಹಾಕುವ ಆರ್‌ಸಿಸಿಬಿ 30 ಮಿಲಿ ಆಂಪಿಯರ್‌ನಷ್ಟು ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕತ್ತರಿಸುತ್ತದೆ. ಇದನ್ನು ಹಾಕಿಸಿಕೊಂಡವರಲ್ಲೂ ಒಂದು ಪಂಗಡ ಉಂಟು: ಮಳೆಗಾಲದಲ್ಲಿ ಪದೇ ಪದೇ ಬೀಳುತ್ತದೆಂದು ಅದನ್ನು ತಪ್ಪಿಸಿ ನೇರ ಲೈನ್ ಕೊಡಿಸಿಕೊಂಡವರು. ಬೀಳುತ್ತಿರುವುದು ಯಾಕೆಂದು ಹುಡುಕುವ ಬದಲು ಹೇಳುವವನ ಬಾಯಿ ಮುಚ್ಚಿಸಿದಂತಾಯಿತು.

ಕಾನೂನು ಇಲ್ಲವೆ? ಇದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳು 5 ವರ್ಷ ಮೀರದಂತೆ ತಪಾಸಣೆ ಆಗಬೇಕು ಎನ್ನುತ್ತವೆ. ಆದರೆ ಮನೆಗಳಂಥ ಕಡಿಮೆ ವೋಲ್ಟೇಜಿನ ಕಡೆ ಮಾಲೀಕನೇ ಸ್ವಯಂ ದೃಢೀಕರಿಸಿಕೊಳ್ಳುವ ದಾರಿ ಅದರಲ್ಲೇ ಇದೆ. ಹೊಸ ಕನೆಕ್ಷನ್ ಪಡೆಯುವಾಗ ನಮ್ಮಂಥ ಗುತ್ತಿಗೆದಾರರು ಕೊಟ್ಟ ವರದಿ ವಿದ್ಯುತ್ ಕಂಪನಿಯ ಫೈಲ್ ಸೇರಿದರೆ ಮುಗಿಯಿತು. ಎರಡು ಟ್ಯೂಬ್‌ಲೈಟು, ಒಂದು ಫ್ಯಾನಿಗೆಂದು ಎಳೆದ ವೈರಿನ ಮೇಲೆ ಇವತ್ತು ಗೀಸರ್, ಎಸಿ, ಇಂಡಕ್ಷನ್ ಒಲೆ, ಕೆಳಗೆ ಚಾರ್ಜಿಗಿಟ್ಟ ಸ್ಕೂಟರ್. ಬೆಂಕಿ ಹೊತ್ತಿಕೊಂಡ ಮಾರನೆಯ ದಿನ ಪತ್ರಿಕೆಯಲ್ಲಿ ಬರುವುದು ಒಂದೇ ಸಾಲು, ‘ಶಾರ್ಟ್ ಸರ್ಕ್ಯೂಟ್ ಕಾರಣ ಎನ್ನಲಾಗಿದೆ’. ಆ ಸಾಲು ಓದಿ ಮುಂದಿನ ಪುಟಕ್ಕೆ ಹೋಗುತ್ತೇವೆ.

ಇಂಗ್ಲೆಂಡಿನಲ್ಲಿ 2020ರಲ್ಲಿ ಬಂದ ನಿಯಮದ ಪ್ರಕಾರ, ಬಾಡಿಗೆಗೆ ಕೊಡುವ ಮನೆಯ ವೈರಿಂಗನ್ನು ಕನಿಷ್ಠ 5 ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ವರದಿಯ ಪ್ರತಿಯನ್ನು ಬಾಡಿಗೆದಾರರಿಗೆ ಕೊಡಬೇಕು. ನಮ್ಮಲ್ಲಿ ಸರ್ಕಾರ ಅಷ್ಟು ಮಾಡುವವರೆಗೆ ಕಾಯಬೇಕಾಗಿಲ್ಲ. ಪೇಂಟಿಂಗ್‌ಗೆ ಮುರಿಯುವ ದುಡ್ಡಿನಲ್ಲೇ ಒಂದು ಪಾಲು ತೆಗೆದಿಡಲಿ, ಕರಾರಿನಲ್ಲಿ ಇನ್ನೊಂದು ಸಾಲು ಸೇರಲಿ: ಮನೆ ಕೈಬದಲಾಗುವಾಗ ಲೈಸೆನ್ಸ್ ಇರುವ ಗುತ್ತಿಗೆದಾರರ ಪರೀಕ್ಷಾ ವರದಿಯನ್ನು ಕೀಲಿಕೈ ಜೊತೆ ಕೊಡತಕ್ಕದ್ದು. ಎರಡು ಬೆಡ್‌ರೂಮಿನ ಮನೆಗೆ ಅರ್ಧ ದಿನದ ಕೆಲಸ. ಮೇನ್ ಆಫ್ ಮಾಡಿ ಮೆಗ್ಗರ್‌ನಿಂದ ಇನ್ಸುಲೇಷನ್ ಅಳೆಯುವುದು, ಅರ್ಥ್ ರೆಸಿಸ್ಟೆನ್ಸ್ ಅಳೆಯುವುದು, ಎಂಸಿಬಿಗಳಿರುವ ಪೆಟ್ಟಿಗೆ, ಅಂದರೆ ಡಿಬಿ ತೆರೆದು ಸಡಿಲ ಸ್ಕ್ರೂ ಬಿಗಿ ಮಾಡುವುದು, ಸಾಕೆಟ್‌ಗಳನ್ನು ಒಂದೊಂದಾಗಿ ನೋಡುವುದು. ಮೆಗ್ಗರ್ ಓದು ಒಂದು ಮೆಗಾ ಓಮ್‌ಗಿಂತ ಕೆಳಗಿದ್ದರೆ ಆ ಸರ್ಕ್ಯೂಟನ್ನು ಸರಿಪಡಿಸಿದ ಮೇಲೇ ಲೈನ್ ಕೊಡಬೇಕು. ಕಾಗದದ ಮೇಲೆ ಅಂಕಿಗಳಿರಲಿ. ‘ಎಲ್ಲ ಸರಿಯಿದೆ’ ಎಂಬ ಸಹಿ ಯಾರಿಗೂ ಬೇಡ. ಒಂದು ಮಾತು ನಮ್ಮವರಿಗೇ ಹಿಡಿಸದಿರಬಹುದು: ವೈರಿಂಗ್ ಮಾಡಿದವನೇ ಪರೀಕ್ಷೆಗೂ ಬರಬಾರದು.

ಸ್ವಂತ ಮನೆಯವರಿಗೆ ಆಯುಧಪೂಜೆ ಒಳ್ಳೆಯ ಗಡುವು. ಮೀಟರ್ ಬೋರ್ಡಿಗೂ ಕುಂಕುಮ ಇಡುವ ಮನೆಗಳಿವೆಯಲ್ಲ, ಅದಕ್ಕೂ ವಾರ ಮುಂಚೆ ಪರೀಕ್ಷೆ ಮಾಡಿಸಿ. ಬಾಡಿಗೆಗೆ ಮನೆ ನೋಡಲು ಹೋದವರು ಅಡ್ವಾನ್ಸ್ ಮಾತಾಡುವ ಮೊದಲು ಡಿಬಿ ಎಲ್ಲಿದೆ ಎಂದು ಕೇಳಿ, ಆರ್‌ಸಿಸಿಬಿಯ ಮೇಲೆ ‘ಟಿ’ ಎಂದು ಬರೆದ ಗುಂಡಿಯನ್ನು ಓನರ್ ಎದುರಿಗೇ ಒತ್ತಿ. ಕರೆಂಟ್ ಹೋಗದಿದ್ದರೆ, ಅಥವಾ ಒತ್ತಲು ಗುಂಡಿಯೇ ಇಲ್ಲದಿದ್ದರೆ, ಅದನ್ನು ಸರಿಮಾಡಿಸಿಕೊಡುವವರೆಗೆ ಅಡ್ವಾನ್ಸ್ ಕೊಡಬೇಡಿ.