ಮಾರೂ ಮುಂದ ಹುಲಿ, ಕೊಂಡ ಮ್ಯಾಲ ಕುರಿ

ವೈನಿಗೋಳೆ, ಅಕ್ಕತಂಗ್ಯಾರೆ, ಓಣಿ ಗೆಳತ್ಯಾರೆ, ಈ ಸಲ ಅಡಗಿ ಮಾತಿಲ್ಲ. ಕುಂದಾದ ಹದಾ ಬರೀರಿ ಅಂತ ಇಬ್ಬರು ಕೇಳೀರಿ, ಅದನ್ನ ಮುಂದಿನ ವಾರ ಬರೀತೀನಿ. ಇವತ್ತ ನಾ ಜಗಳಕ್ಕ ಕುಂತೀನಿ, ಅದೂ ನಿಮ್ಮ ಜೋಡಿನ.

ಖಾನಾಪುರದಾಗ ಪಿಯುಸಿ ಓದೂ ನನ್ನ ತಂಗಿ ಮಗ ವಾಟ್ಸಾಪ್ ಸ್ಟೇಟಸ್‌ನ್ಯಾಗ ಬ್ಯಾಸರಾ ಮಾಡ್ಕೊಂಡು ಎರಡ ಸಾಲ ಹಾಕಿದ್ದ. ದೀಪಾವಳಿಗೆ ಹಿರ್ಯಾರು ಕೊಟ್ಟ ರೊಕ್ಕಾ ಕೂಡಿಸಿ, 1,100 ರೂಪಾಯಿ ಕೊಟ್ಟು ಮೊಬೈಲ್ ಆಟದಾಗ ಒಂದ ಪಾತ್ರ ಕೊಂಡಿದ್ದ. ಕತ್ತಿ ಹಿಡದು ಬಡದಾಡೂ ವೀರನ ಪಾತ್ರ. ಎರಡ ತಿಂಗಳಾದ ಮ್ಯಾಲ ಆಟದವರು ಅಪ್‌ಡೇಟ್ ಕೊಟ್ಟು ಆ ವೀರನ ಕತ್ತಿ ಮೊಂಡ ಮಾಡಿದ್ರು. ಅದಕ್ಕ ನೀವು ಗ್ರೂಪಿನ್ಯಾಗ ಏನ್ ಬರದ್ರಿ? "ಗೊಂಬಿ ಸಲುವಾಗಿ ಅಳತಾನ" ಅಂತ ಒಬ್ಬರು. "ಫೋನ್ ಕಸಗೋರಿ" ಅಂತ ಇನ್ನೊಬ್ಬರು. ನಗೂ ಚಿತ್ರ ಹಾಕಿದವ್ರು ಒಂಬತ್ತ ಮಂದಿ, ನಾ ಎಣಿಸೀನಿ.

ಆಂವ ಆಡೂ ಆಟದ ಹೆಸರ ಬ್ಯಾಡ. ಆದ್ರ ಹುಡುಗ ಹೇಳಿದ್ರಾಗ ನ್ಯಾಯ ಐತಿ, ಅದನ್ನ ನಾ ಬಿಡೂದಿಲ್ಲ.

ಇಂಥಾ ಆಟ ಅಂದ್ರ ಏನು ಅನ್ನೂದು ಮದಲ ತಿಳ್ಕೋರಿ. ಪಾರಿಜಾತ ಆಟ ನೋಡೀರಲ್ಲ? ಅದರಾಗ ಕೃಷ್ಣ ಇರತಾನ, ಸತ್ಯಭಾಮಾ ಇರತಾಳ, ದೂತಿ ಇರತಾಳ, ಒಬ್ಬೊಬ್ಬರಿಗೆ ಒಂದೊಂದ ಕೆಲಸ. ಮೊಬೈಲ್ ಆಟದಾಗೂ ಹಂಗ. ಒಬ್ಬಾಂವ ಬಡಿಯಾಂವ, ಒಬ್ಬಾಂವ ಢಾಲು ಹಿಡದು ಕಾಯಾಂವ, ಒಬ್ಬಾಕಿ ಗಾಯಾ ಮಾಯಿಸಾಕಿ. (ಈ ಗಾಯಾ ಮಾಯಿಸೂ ಪಾತ್ರ ಯಾರಿಗೂ ಬ್ಯಾಡಂತ. ಎಲ್ಲಾರಿಗೂ ಊಟ ಬಡಿಸಿ ಕಡೀಕ ಕುಂಡ್ರಾಕಿ ಯಾರಂತ ನಮಗ ಹೇಳಬೇಕೇನು!) ಒಂದ ಪಾತ್ರ ಭಾಳ ಜಬರದಸ್ತ್ ಆತಂದ್ರ ಎಲ್ಲಾರೂ ಅದನ್ನ ತಗೋತಾರ. ಎಲ್ಲಾರೂ ಕೃಷ್ಣನ ವೇಷಾ ಹಾಕ್ಕೊಂಡ್ರ ಪಾರಿಜಾತ ನಡೀತೈತೇನು? ಅದಕ್ಕ ಆಟದವರು ಆ ಪಾತ್ರದ ಬಲಾ ತಗ್ಗಸತಾರ. ಇದಕ್ಕ ಹುಡುಗೂರು ನರ್ಫ್ ಅಂತಾರ, ಬಲಾ ಏರಿಸಿದ್ರ ಬಫ್. ಒಟ್ಟ ಕೆಲಸಕ್ಕ ಬ್ಯಾಲೆನ್ಸ್ ಅಂತ ಹೆಸರು.

ಬ್ಯಾಲೆನ್ಸ್ ಮಾಡೂದು ತಪ್ಪ ಅಂತ ನಾ ಅನ್ನಾಕತ್ತಿಲ್ಲ. ನಮ್ಮ ಹುಲಿ-ಕುರಿ ಆಟ ತಗೋರಿ. ನಮ್ಮ ಅಜ್ಜಿ ಮನ್ಯಾಗ ಪಡಸಾಲಿ ಕಲ್ಲಿನ ಮ್ಯಾಲ ಇದ್ದಲಿಲೆ ಮನಿ ಬರದು ಆಡತಿದ್ವಿ. 3 ಹುಲಿ, 15 ಕುರಿ. ಹುಲಿ ಜಿಗದು ಕುರಿ ತಿಂತೈತಿ, ಕುರಿಗೆ ಜಿಗ್ಯಾಕ ಬರೂದಿಲ್ಲ. ಕುರಿ ಎಲ್ಲಾ ಕೂಡಿ ಸುತ್ತಗಟ್ಟಿ ಹುಲಿ ಅಲಗಾಡದಂಗ ಮಾಡಬೇಕು. ಎರಡೂ ಕಡೆ ಬಲಾ ಬ್ಯಾರೆಬ್ಯಾರೆ, ಆದ್ರೂ ಆಟ ತೂಗತೈತಿ. ಹುಲಿ ಕಡೆಯಾಕಿ ಭಾಳ ಗೆದ್ದಳಂದ್ರ ಮುಂದಿನ ಆಟಕ್ಕ ಆಕಿನ ಕುರಿ ತಗೋಬೇಕು, ಅಲ್ಲಿಗೆ ಸರಿ ಹೋತು. ಆಟದ ನಡಬರ್ಕ "ಇನ್ನ ಮ್ಯಾಲ ಹುಲಿ ಎರಡ ಸಲಾನ ಜಿಗೀಬೇಕು" ಅಂತ ಯಾರರೆ ಅಂದಿದ್ರ ಅಜ್ಜಿ ಹಳ್ಳ ಬೀಸಿ ಒಗೀತಿದ್ಲು. ಮತ್ತ ಹುಲಿ ಆಗಾಕ ನಾವು ಯಾರಿಗೂ ರೊಕ್ಕಾ ಕೊಡತಿದ್ದಿಲ್ಲ. ನನ್ನ ಜಗಳಾ ಪೂರಾ ಇಲ್ಲೇ ಐತಿ. ಹುಲಿ ಅಂತ ಹೇಳಿ ಮಾರೂದು, ರೊಕ್ಕಾ ಕೈಗೆ ಬಂದ ಮ್ಯಾಲ ಅದನ್ನ ಕುರಿ ಮಾಡೂದು.

ಭಿಶಿ ಹಾಕಾವ್ರಿಗೆ ಇದು ಲಗೂನ ತಿಳೀತೈತಿ. 12 ಮಂದಿ ತಿಂಗಳಿಗೆ 2,000 ಹಾಕೂದು ಅಂತ ಆತು. ಮದಲ ಎರಡ ತಿಂಗಳು ಎತ್ತಿದವ್ರು 24,000 ತಗೊಂಡು ಹೋದ್ರು. ಮೂರನೇ ತಿಂಗಳ ನಿಮ್ಮ ಚೀಟಿ ಬಂತು. ಆಗ ಭಿಶಿ ನಡಸಾಕಿ "ಲೆಕ್ಕಾ ಸರಿ ತೂಗವಲ್ದು, ಇನ್ನ ಮ್ಯಾಲ 18,000 ಅಷ್ಟ" ಅಂದ್ರ ನೀವು "ಹೋಗ್ಲಿ ಬಿಡು, ಆಟ ಅಲ್ಲೇನು" ಅಂತೀರೇನು? ಓಣಿ ತುಂಬ ಕೇಳೂ ಹಂಗ ಒದರತೀರಿ. ಹುಡುಗ ಎರಡ ಸಾಲ ಬರದು ಸುಮ್ಮ ಆದ, ನಿಮಗಿಂತ ಸಮಾಧಾನಿ.

"ಕಂಪನ್ಯಾವ್ರು ಏನ್ ಮಾಡಾಕ ಬರತೈತಿ" ಅಂತ ವೈನಿ ಬರದಿದ್ರು. ಬರತೈತಿ ವೈನಿ. ಜಗತ್ತಿಗೆಲ್ಲಾ ಗೊತ್ತಿರೂ ಇನ್ನೊಂದ ಆಟ ಐತಿ, ಗೆನ್‌ಶಿನ್ ಇಂಪ್ಯಾಕ್ಟ್. 2020ರ ಸೆಪ್ಟೆಂಬರದಾಗ ಬಂದಿದ್ದು, ಚೀನಾದ ಕಂಪನಿದು. ಅದೇ ವರ್ಷ ಡಿಸೆಂಬರದಾಗ ಝೋಂಗ್ಲಿ ಅಂತ ಢಾಲು ಹಿಡಿಯೂ ಪಾತ್ರ ಬಂತು. ರೊಕ್ಕಾ ಸುರದು ತಗೊಂಡವ್ರು "ಇಂವ ಇಷ್ಟ ಸಪ್ಪಗ ಅದಾನಲ್ಲ" ಅಂತ ಗದ್ದಲಾ ಎಬ್ಬಿಸಿದ್ರು. 2021ರ ಫೆಬ್ರುವರಿದಾಗ ಕಂಪನ್ಯಾವ್ರು ಅವನ ಬಲಾ ಏರಿಸಿದ್ರು. ಮುಂದ 2024ರಾಗ ನ್ಯೂವಿಲೆಟ್ ಅನ್ನೂ ಪಾತ್ರದ ಸರದಿ. ನೀರಿನ ಧಾರಿ ಬಿಟಗೋತ ಗಿರಿಗಿರಿ ತಿರಗಿ ಸುತ್ತಲಿದ್ದವ್ರನ್ನೆಲ್ಲಾ ಹೊಡ್ಯಾಂವ. ಆ ತಿರಗೂದು ದೋಷ ಅಂತ ಹೇಳಿ ತಗದ್ರು. ಆಡಾವ್ರು ಬಿಡಲಿಲ್ಲ. ಸ್ವಲ್ಪ ದಿನದಾಗ ಹಿಂದಿನಂಗ ಮಾಡಿ, ಮ್ಯಾಲ 1,600 ಪ್ರಿಮೋಜೆಮ್ ಅನ್ನೂ ಹರಳ ಸೈತ ಹಂಚಿದ್ರು.

ಆ ಹರಳಿನ ಕಥಿನೂ ಕೇಳ್ರಿ. ಅಲ್ಲಿ ಪಾತ್ರ ಸೀದಾ ಸಿಗೂದಿಲ್ಲ, ಜಾತ್ರ್ಯಾಗ ಚೀಟಿ ಎತ್ತಿದಂಗ ಎತ್ತಬೇಕು. ಒಂದ ಸಲ ಎತ್ತಾಕ 160 ಹರಳ. ದೊಡ್ಡ ಪಾತ್ರ ಬರೂ ಸಂಭವ 0.6 ಪರ್ಸೆಂಟ್, ಅಂದ್ರ ಸಾವಿರಕ್ಕ ಆರು. 90ನೇ ಸಲಕ್ಕ ಒಂದ ದೊಡ್ಡ ಪಾತ್ರ ಖಾತ್ರಿ, ಆದ್ರ ನಿಮಗ ಬೇಕಾದ್ದ ಬರಬೇಕಂತಿಲ್ಲ. 90 ಸಲಕ್ಕ 14,400 ಹರಳ. ಆಡಿ ಗಳಿಸಬೇಕು, ಇಲ್ಲಾ ರೊಕ್ಕಾ ಕೊಟ್ಟ ಕೊಳ್ಳಬೇಕು. ಈ ಚೀಟಿ ವ್ಯವಹಾರದ ಮ್ಯಾಲ ಅಮೆರಿಕಾದ ವ್ಯಾಪಾರ ಆಯೋಗ ಕೇಸ್ ಹಾಕಿತ್ತು. 2025ರ ಜನವರಿದಾಗ 2 ಕೋಟಿ ಡಾಲರ್ ಕೊಡಾಕ ಕಂಪನಿ ಒಪ್ಪಿತು, 16 ವರ್ಷದ ಒಳಗಿನ ಹುಡುಗೂರಿಗೆ ಅಪ್ಪ-ಅವ್ವ ಒಪ್ಪದ ಹೊರತು ಇಂಥಾ ಚೀಟಿ ಮಾರಬಾರದು ಅಂತ ಆತು. ನಮ್ಮಲ್ಲೂ 2025ರ ಆಗಸ್ಟದಾಗ ಆನ್‌ಲೈನ್ ಆಟದ ಕಾಯ್ದೆ ಪಾಸ್ ಆಗೇತಿ, ಅದು ರೊಕ್ಕಾ ಹಚ್ಚಿ ರೊಕ್ಕಾ ಗೆಲ್ಲೂ ಆಟಕ್ಕ. ರೊಕ್ಕಾ ಕೊಟ್ಟು ಹುಲಿ ಕೊಂಡು ಕುರಿ ಮನಿಗೆ ತಂದವನ ಕಥಿ ಬ್ಯಾರೇನ.

ನಿಮ್ಮಾಗ ಒಬ್ಬರು ಕೇಳಿದ್ದು ಖರೆ ಪ್ರಶ್ನಿ: "ರೊಕ್ಕಾ ಕೊಟ್ಟಾಂವ ಗೆದ್ದು, ರೊಕ್ಕಾ ಇಲ್ಲದಾಂವ ಸೋಲೂದು ನ್ಯಾಯನೇನು? ಬಲಾ ತಗ್ಗಿಸಿದ್ದ ಚೊಲೋ ಆತು." ನ್ಯಾಯ ಅಲ್ಲ, ಒಪ್ಪತೀನಿ. ನಂದಗಡದ ಕಡೆ ಹಳ್ಳ್ಯಾಗ ಅವನ ಗೆಳ್ಯಾ ಅದಾನ, ಅಣ್ಣನ ಹಳೇ ಫೋನಿನ್ಯಾಗ ಆಡತಾನ, ಒಂದ ರೂಪಾಯಿ ಹಾಕಿಲ್ಲ, ಇವನ ಕೈಯಾಗ ದಿನಾ ಸೋಲತಿದ್ದ. ಆದ್ರ ಬಲಾನ್ನ ತೂಕಾ ಮಾಡಿ ಮಾರಿದವ್ರು ಯಾರು? ಮಾರೂ ಮುಂದ "ಇವನಂಥಾ ವೀರ ಇನ್ನೊಬ್ಬ ಇಲ್ಲ" ಅಂತ ಜಾಹೀರಾತು ಕೊಟ್ಟವ್ರ ಎರಡ ತಿಂಗಳಿಗೆ "ಇಂವ ಭಾಳ ಜಬರದಸ್ತ್ ಆದ" ಅಂತ ಕತ್ತಿ ಕಸಗೊಂಡ್ರು. ಅದೇ ವಾರ ಅಂಗಡ್ಯಾಗ ಹೊಸಾ ಪಾತ್ರ ಬಂತು, ಬೆಲಿ 1,500. ಹುಡುಗ ಸ್ಟೇಟಸ್‌ನ್ಯಾಗ ಬರದಿದ್ದು ಇದನ್ನ. ನೀವು ಓದಿದ್ದು ಅರ್ಧಾ ಸಾಲ.

ಬಂಗಾರದ ಅಂಗಡಿಯಾಂವ ಆರ ತಿಂಗಳ ಬಿಟ್ಟು ಮನಿಗೆ ಬಂದು, "ಬಾಜೂದಾಕಿ ಸರಕಿಂತ ನಿಮ್ಮ ಸರಾ ಭಾರ ಐತಿ, ಎರಡ ಗ್ರಾಮ್ ಕೆರಕೊಂಡು ಹೋಗತೀನಿ" ಅಂದ್ರ ಬಾಗಲಾ ತಗೀತೀರೇನು? ಬಾಜೂದಾಕಿಗೆ ಎರಡ ಗ್ರಾಮ್ ಹೆಚ್ಚ ಕೊಡಪಾ ಅಂತೀರಿ. ಆಟದಾಗೂ ಅದ ಮಾಡಾಕ ಬರತೈತಿ. ಕೊಂಡವ್ರ ಕತ್ತಿ ಮೊಂಡ ಮಾಡೂ ಬದ್ಲಿ ಫುಕಟ್ ಸಿಗೂ ಪಾತ್ರದ ಕತ್ತಿ ಮಸೀಬೇಕು. ತಗ್ಗಸೂದ ಬೇಕಂದ್ರ, ಬ್ಯಾಡ ಅಂದವ್ರಿಗೆ ರೊಕ್ಕಾ ತಿರುಗಿ ಕೊಡಬೇಕು. "ಈ ಪಾತ್ರದ ಬಲಾ ಮುಂದ ಬದಲಾಗಬಹುದು" ಅನ್ನೂದನ್ನ ಬೆಲಿ ಪಕ್ಕದಾಗನ, ಬೆಲಿಯಷ್ಟ ದೊಡ್ಡ ಅಕ್ಷರದಾಗ, ಕನ್ನಡದಾಗ ಬರೀಬೇಕು. ಈಗ ಅದು ಇಂಗ್ಲಿಷ್‌ನ್ಯಾಗ ಇರಿವಿ ಸಾಲಿನಂಥಾ ಅಕ್ಷರದಾಗ ಇತ್ತು. ನಾ ಚಾಳೀಸ್ ಹಾಕ್ಕೊಂಡು ಹುಡುಕೀನಿ, ಇಪ್ಪತ್ತ ನಿಮಿಷ ಹಿಡೀತು.

ಫೋನ್ ಕಸಗೋರಿ ಅಂದವ್ರಿಗೆ ಒಂದ ಮಾತು. ತಕ್ಕಡ್ಯಾಗ ಮೋಸ ಮಾಡಿದ ಅಂಗಡಿಯಾವ್ನ ಬಿಟ್ಟು, ಸಂತಿಗೆ ಹೋದ ಹುಡುಗನ್ನ ಮನ್ಯಾಗ ಕಟ್ಟಿ ಹಾಕಿದಂಗ ಆಗತೈತಿ ಅದು. ಆಂವ ಕಂಪನಿಗೆ ದೂರ ಬರೀತೀನಿ ಅಂದಾನ. ಬಿಲ್ಲು, ತಾರೀಖು, ಹಳೇ ಜಾಹೀರಾತಿನ ಫೋಟೋ ಎಲ್ಲಾ ತಗದ ಇಟ್ಟಾನ. ಇಂಗ್ಲಿಷ್‌ನ್ಯಾಗ ಚಂದಂಗ ಬರದ ಕೊಡಾಕ ಟಿಳಕವಾಡಿ ಕಾಕುನ ಮಗಳಿಗೆ ಹೇಳೀನಿ, ಆಕಿ ಹೂಂ ಅಂದಾಳ.

ಮುಂದಿನ ಭಿಶಿ ನಮ್ಮ ಮನ್ಯಾಗ ಐತಿ. ನನ್ನ ಮಾತು ಒಪ್ಪದವ್ರು ಅರ್ಧಾ ತಾಸು ಮದಲ ಬರ್ರಿ, ಚಹಾ ಇಡತೀನಿ.